ಡಬ್ಬದ ಮೇಲೆ 450, ಒಳಗೆ 216

ಅರಸೀಕೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು: ಇಪ್ಪತ್ತು ವರ್ಷದಿಂದ ಇದೇ ಕಸುಬು. ಈಗಿನವರು ಕಾಗದದ ಪತ್ರಿಕೆ ನೂರು ಸಾಕು, ವಾಟ್ಸ್‌ಆ್ಯಪ್‌ಗೆ ಕಳಿಸುವಂಥ ವಿಡಿಯೊ ಮಾಡಿಕೊಡಿ ಎನ್ನುತ್ತಾರೆ. ಐ5 4590 ಪ್ರೊಸೆಸರಿನ ನನ್ನ ಹಳೆಯ ಕಂಪ್ಯೂಟರು ಎರಡು ನಿಮಿಷದ ವಿಡಿಯೊಗೆ ಏದುಸಿರು ಬಿಡುತ್ತಿತ್ತು. ಅದಕ್ಕೆ ಚಿತ್ರ, ವಿಡಿಯೊಗಳ ಕೆಲಸಕ್ಕೆಂದೇ ಇರುವ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ ಕಾರ್ಡ್ ಹಾಕಿಸಿದೆ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪವರ್ ಸಪ್ಲೈ ಡಬ್ಬವನ್ನು ಬದಲಿಸಬೇಕೇ ಎಂದು ಕಾರ್ಡ್ ಮಾರಿದವನನ್ನು ಕೇಳಿದ್ದೆ. ‘ನಿಮ್ಮದು 450 ವ್ಯಾಟ್ ಇದೆಯಲ್ಲ ಸಾರ್, ಸಾಕು’ ಎಂದ. ಈ ಕಾರ್ಡಿನ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿ ಸೂಚಿಸುವುದೂ 450 ವ್ಯಾಟ್‌ನ ಪವರ್ ಸಪ್ಲೈಯನ್ನೇ. ಕಾರ್ಡಿಗೆ ಬೇಕಾದ 8 ಪಿನ್ನಿನ ಕೇಬಲ್ ಮಾತ್ರ ನನ್ನ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ. ಹಳೆಯ ಹಾರ್ಡ್ ಡಿಸ್ಕ್‌ಗಳ ಎರಡು ಬಿಳಿ ಪ್ಲಗ್ಗುಗಳನ್ನು ಸೇರಿಸಿ 8 ಪಿನ್ ಮಾಡುವ ಅಡಾಪ್ಟರ್ ಒಂದನ್ನು ಆತನೇ ಪುಕ್ಕಟೆಯಾಗಿ ಕೊಟ್ಟ. ಪುಕ್ಕಟೆ ಎಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮಾಘ ಮಾಸ, ಕೈತುಂಬ ಕೆಲಸ. ರೆಂಡರಿಗೆ, ಅಂದರೆ ಜೋಡಿಸಿದ್ದನ್ನೆಲ್ಲ ಒಂದು ವಿಡಿಯೊ ಫೈಲಾಗಿ ಮಾಡಲು ಕೊಟ್ಟರೆ ಗಣಪತಿಯ ಶ್ಲೋಕ ಮುಗಿದು ವರನ ಹೆಸರು ಬರುವಷ್ಟರಲ್ಲಿ ಕಂಪ್ಯೂಟರು ಫಕ್ಕನೆ ಆರಿಹೋಗುತ್ತಿತ್ತು. ಯುಪಿಎಸ್ ಕೆಟ್ಟಿದೆಯೆಂದು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿದೆ. ವಿಂಡೋಸನ್ನು ಹೊಸದಾಗಿ ಹಾಕಿದೆ. ಆ ಗಲಾಟೆಯಲ್ಲಿ ವರ್ಷಗಳಿಂದ ಕೂಡಿಟ್ಟ ಅಕ್ಷರ ವಿನ್ಯಾಸಗಳೆಲ್ಲ ಹೋದವು. ನಾಲ್ಕನೆಯ ದಿನ ಊಟಕ್ಕೆ ಕರೆಯಲು ಬಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, ‘ಏನೋ ಸುಡುತ್ತಿದೆಯಲ್ಲ ರೀ’ ಎಂದಳು. ಬಿಚ್ಚಿ ನೋಡಿದರೆ ಅಡಾಪ್ಟರಿನ ಒಂದು ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿತ್ತು.

ಆಗ ಮೊದಲ ಬಾರಿಗೆ ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿದೆ. 12 ವೋಲ್ಟ್ ಎಂಬ ಸಾಲಿನ ಕೆಳಗೆ 18 ಆಂಪಿಯರ್ ಎಂದಿತ್ತು. ಗುಣಿಸಿದರೆ 216 ವ್ಯಾಟ್. ಪ್ರೊಸೆಸರ್ 84, ಕಾರ್ಡ್ 125, ಅಲ್ಲಿಗೇ 209 ಆಯಿತು. ಮದರ್‌ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಏಳು ವ್ಯಾಟ್ ಉಳಿಯಿತು! ಮಿಕ್ಕ ಶಕ್ತಿಯೆಲ್ಲ 5 ಮತ್ತು 3.3 ವೋಲ್ಟಿನ ಸಾಲುಗಳಲ್ಲಿ. ಈಗಿನ ಪ್ರೊಸೆಸರಾಗಲಿ ಗ್ರಾಫಿಕ್ ಕಾರ್ಡಾಗಲಿ ಮುಖ್ಯವಾಗಿ ಎಳೆಯುವುದು 12 ವೋಲ್ಟಿನಿಂದ. ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ನಂಬಿ ನಾಲ್ಕು ದಿನ ಕಳೆದಿದ್ದೆ.

ರೈಲು ಹತ್ತಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನುಗಳ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ಹೋಗಿ ಕೋರ್ಸೇರ್ ಸಿಎಕ್ಸ್550 ಎಂಬ 550 ವ್ಯಾಟ್‌ನ ಎಸ್‌ಎಂಪಿಎಸ್ ತಂದೆ. ಐದು ಸಾವಿರದ ಆಸುಪಾಸು ಕೊಟ್ಟೆ. ಕೈಗೆತ್ತಿಕೊಂಡಾಗಲೇ ತೂಕ ತಿಳಿಯಿತು; ಹಳೆಯದು ಅದರ ಮುಂದೆ ಖಾಲಿ ಟಿಫಿನ್ ಡಬ್ಬಿ. ಇದರ 550ರಲ್ಲಿ ಬಹುಪಾಲು 12 ವೋಲ್ಟಿನಲ್ಲೇ ಸಿಗುತ್ತದೆ. ವಿದ್ಯುತ್ ಹೆಚ್ಚು ಪೋಲಾಗದೆಂಬುದಕ್ಕೆ 80 ಪ್ಲಸ್ ಬ್ರಾಂಜ್ ಪ್ರಮಾಣಪತ್ರವಿದೆ, ಐದು ವರ್ಷದ ವಾರಂಟಿಯಿದೆ. ಕಾರ್ಡಿಗೆ 6+2 ಪಿನ್ನಿನ, ಅಂದರೆ ಕೂಡಿಸಿದರೆ 8 ಪಿನ್ ಆಗುವ ಕೇಬಲ್ ಇದರಲ್ಲೇ ಇದೆ, ಅಡಾಪ್ಟರಿನ ಗೊಡವೆಯಿಲ್ಲ. ನನ್ನ ಹಳೆಯ ಬೋರ್ಡಿನಲ್ಲಿ ಪ್ರೊಸೆಸರಿಗೆ ಇರುವುದು 4 ಪಿನ್ನಿನ ತೂತು, ಇದರಲ್ಲಿ 8 ಪಿನ್ ಬಂದಿದೆಯಲ್ಲ ಎಂದು ಕ್ಷಣಕಾಲ ಎದೆ ಧಸಕ್ಕೆಂದಿತು. ನೋಡಿದರೆ ಅದು ಎರಡು ಹೋಳಾಗುತ್ತದೆ, ಅರ್ಧ ಹಾಕಿದರೆ ಸಾಕು. ಆದರೆ ಈ 8 ಪಿನ್ನನ್ನೂ ಗ್ರಾಫಿಕ್ ಕಾರ್ಡಿನ 8 ಪಿನ್ನನ್ನೂ ಅದಲುಬದಲು ಮಾಡಬಾರದು. ನೋಟಕ್ಕೆ ಅಣ್ಣತಮ್ಮಂದಿರು, ಒಳಗಿನ ಜೋಡಣೆ ಬೇರೆ. ಮಾಮೂಲಿ ಎಟಿಎಕ್ಸ್ ಅಳತೆಯಾದ್ದರಿಂದ ನಾಲ್ಕು ಸ್ಕ್ರೂಗಳೂ ಹಳೆಯ ಕ್ಯಾಬಿನೆಟ್ಟಿಗೇ ಕೂತವು.

ಕೊರತೆ ಇಲ್ಲವೆಂದಲ್ಲ. ಕೇಬಲ್‌ಗಳನ್ನು ಬಿಚ್ಚಲು ಬರುವುದಿಲ್ಲ. ಬೇಡದವೆಲ್ಲ ಹಾವಿನ ಹುತ್ತದಂತೆ ಡಿಸ್ಕುಗಳ ಪಕ್ಕದಲ್ಲಿ ತುರುಕಿದ್ದೇನೆ. ನನ್ನ 600 ವಿಎ ಯುಪಿಎಸ್ 360 ವ್ಯಾಟ್‌ನದು. ಕರೆಂಟು ಹೋದಾಗ ಫೈಲ್ ಉಳಿಸಿ ಆರಿಸುವಷ್ಟು ಸಮಯ ಕೊಡುತ್ತದೆ, ರೆಂಡರ್ ಮುಗಿಸುವಷ್ಟಲ್ಲ. ಅದು ಎಸ್‌ಎಂಪಿಎಸ್‌ನ ತಪ್ಪಲ್ಲ, ನನ್ನ ಜಿಪುಣತನದ್ದು.

ಇದನ್ನು ಹಾಕಿ ಎಂಟು ತಿಂಗಳಾಯಿತು. ವರನ ಹೆಸರೂ ಬರುತ್ತಿದೆ, ವಧುವಿನದೂ ಬರುತ್ತಿದೆ. ಒಂದು ದಿನವೂ ಆರಿಹೋಗಿಲ್ಲ.

ಹೋದ ವಾರ ತಿಪಟೂರಿನ ಸ್ಟುಡಿಯೊದ ಗೆಳೆಯರು, ನನಗೂ ಇದನ್ನೇ ತರಿಸಿಕೊಡಿ ಎಂದು ಹಣ ಹಿಡಿದು ಬಂದರು. ಅವರದು ಕಚೇರಿಯೊಂದರಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಪೆಟ್ಟಿಗೆ. ತೆರೆದು ನೋಡಿದೆವು: ಬೋರ್ಡಿಗೆ ಹೋಗುವ ಮುಖ್ಯ ಪ್ಲಗ್ಗು 24 ಪಿನ್ನಿನದಲ್ಲ, ಕಂಪನಿಯದೇ 6 ಪಿನ್ನಿನದು, ಎಸ್‌ಎಂಪಿಎಸ್‌ನ ಆಕಾರವೂ ಬೇರೆ, ಶಕ್ತಿ 240 ವ್ಯಾಟ್. ಹಣ ವಾಪಸ್ ಕೊಟ್ಟೆ. ಬೇರೆ ಕೇಬಲ್ ಬೇಡದೆ ಬೋರ್ಡಿನ ಸ್ಲಾಟಿನಿಂದಲೇ 75 ವ್ಯಾಟ್ ಪಡೆದು ಓಡುವ ಜಿಟಿಎಕ್ಸ್ 1650 ಕಾರ್ಡುಗಳಿವೆ, ಅಂಥದ್ದನ್ನು ಹುಡುಕಿ ಎಂದು ಹೇಳಿ, ಪೆಟ್ಟಿಗೆಯೊಳಗೆ ಎಷ್ಟು ಉದ್ದದ್ದು ಹಿಡಿಸುತ್ತದೆಂದು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿದೆ.