ಇಪ್ಪತ್ತರಲ್ಲಿ ಒಂಬತ್ತು ಕಟ್ಟಿಕೊಂಡವು: ಮೂರು ಸಿಗಾರ್‌ಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಆರ್ಟುರೊ ಫುಯೆಂಟೆ ಕಂಪನಿಯ ಶಾರ್ಟ್ ಸ್ಟೋರಿ. ನಾಲ್ಕು ಇಂಚಿನ ಪುಟ್ಟ ಸಿಗಾರ್. ಅದಕ್ಕಿಂತ ಎಷ್ಟೋ ದೊಡ್ಡ ಹೆಸರಿನ ಕ್ಯೂಬಾ ಸಿಗಾರ್‌ನ ಪೂರ್ತಿ ಡಬ್ಬಿ ಕೊಂಡು ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ನಾನಿರುವುದು ದುಬೈನಲ್ಲಿ. ಶನಿವಾರ ಸಂಜೆ ಬಾಲ್ಕನಿಯಲ್ಲಿ ಒಂದು, ಅಷ್ಟೇ. ಅದೂ ನವೆಂಬರ್‌ನಿಂದ ಮಾರ್ಚ್‌ವರೆಗೆ. ಬೇಸಿಗೆಯಲ್ಲಿ ಹೊರಗೆ ಕೂರೋಕೆ ಆಗಲ್ಲ, ಮನೆಯೊಳಗೆ ಹಚ್ಚೋಕೆ ಹೆಂಡತಿ ಬಿಡಲ್ಲ. ಸಾಲದ್ದಕ್ಕೆ 2017ರಿಂದ ಇಲ್ಲಿ ತಂಬಾಕಿನ ಮೇಲೆ 100% ಅಬಕಾರಿ ತೆರಿಗೆ. ತಿಂಗಳಿಗೆ ನಾಲ್ಕೇ ಸಿಗಾರ್ ಅಂದ ಮೇಲೆ ಒಂದು ಕೆಟ್ಟರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ಊರು ಹುಣಸೂರಿನ ಕಡೆ. ಹೊಗೆಸೊಪ್ಪು ನೋಡಿಕೊಂಡೇ ಬೆಳೆದವನು ನಾನು. ಆದರೆ ನಮ್ಮದು ಸಿಗರೇಟಿನ ಸೊಪ್ಪು. ಬ್ಯಾರನ್ ಅಂದರೆ ಸೊಪ್ಪು ಬೇಯಿಸುವ ಮನೆ, ಅದರಲ್ಲಿ ಸೌದೆ ಉರಿಸಿ, ಆ ಬಿಸಿಯಲ್ಲಿ ಐದಾರು ದಿನ ಬೇಯಿಸುತ್ತಾರೆ. ಸೊಪ್ಪಿನ ಸಿಹಿ ಅದರಲ್ಲೇ ಉಳಿಯುತ್ತದೆ. ಸಿಗಾರ್ ಸೊಪ್ಪನ್ನು ವಾರಗಟ್ಟಲೆ ಗಾಳಿಯಲ್ಲಿ ಒಣಗಿಸಿ, ಆಮೇಲೆ ರಾಶಿ ಹಾಕಿ ಹುದುಗು ಬರಿಸುತ್ತಾರೆ. ಸಿಹಿ ಹೋಗುತ್ತದೆ, ಅಮೋನಿಯಾದ ಘಾಟೂ ಹೋಗುತ್ತದೆ. ಆ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಚರ್ಮದಿಂದಲೇ ಒಳಗಿಳಿಯುತ್ತದೆ, ಹೊಗೆಯನ್ನು ಎದೆಗೆ ಎಳೆದುಕೊಳ್ಳಬೇಕಿಲ್ಲ. ಹಾಗಂತ ಸುರಕ್ಷಿತ ಅಂದುಕೊಳ್ಳಬೇಡಿ, ಬಾಯಿ ಕ್ಯಾನ್ಸರ್‌ನ ಅಪಾಯ ಇದ್ದೇ ಇದೆ. ಅಭ್ಯಾಸ ಇಲ್ಲದವರು ಶುರು ಮಾಡಲೇಬೇಡಿ.

ಈಗ ಆ ಕ್ಯೂಬಾ ಡಬ್ಬಿಯ ಕಥೆ. ಬ್ರ್ಯಾಂಡ್ ಹೆಸರು ಬೇಡ, ಅಂಗಡಿಯ ಹೆಸರೂ ಬೇಡ. ಪೆಟಿಟ್ ಕರೋನಾ ಅನ್ನುವ ಸಣ್ಣ ಅಳತೆ, 25ರ ಡಬ್ಬಿ. ಮೊದಲನೆಯದು ಅದ್ಭುತವಾಗಿತ್ತು. ದೇವದಾರಿನ ವಾಸನೆ, ಹಿಂದೆಯೇ ಜೇನಿನಂಥ ಒಂದು ಎಳೆ. ನಮ್ಮ ಬಾಲ್ಕನಿಯಲ್ಲಿ ಅಷ್ಟು ಒಳ್ಳೆಯದು ಅದಕ್ಕೆ ಮುಂಚೆ ಯಾವತ್ತೂ ಉರಿದಿರಲಿಲ್ಲ.

ಎರಡನೆಯದು ಕಟ್ಟಿಕೊಂಡಿತ್ತು. ದಮ್ಮು ಎಳೆದರೆ ಕೆನ್ನೆ ಒಳಗೆ ಹೋಯಿತೇ ಹೊರತು ಹೊಗೆ ಬರಲಿಲ್ಲ. ಮೂರನೆಯದೂ ಹಾಗೇ. ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ಊರಿಗೆ ಫೋನ್ ಮಾಡಿದಾಗ ಅಪ್ಪನಿಗೂ ಹೇಳಿದೆ. ‘ಹದ ತಪ್ಪಿರಬೇಕು ಕಣೋ ಮಗ, ತೇವ ಜಾಸ್ತಿಯಾದ್ರೆ ಸೊಪ್ಪು ಊದ್ಕೊಳ್ಳುತ್ತೆ’ ಅಂದರು. ಬೆಂದ ಸೊಪ್ಪು ಹಪ್ಪಳದ ಹಾಗೆ ಗರಿಗರಿಯಾಗಿದ್ದರೆ ರಾತ್ರಿ ಬ್ಯಾರನ್ ಬಾಗಿಲು ತೆಗೆದಿಟ್ಟು ಹದಕ್ಕೆ ತರುವವರು ಅವರು. ಮಾತು ಸರಿ ಅನ್ನಿಸಿತು. ಡಬ್ಬಿಯೊಳಗಿನ ತೇವವನ್ನು 69%ಕ್ಕೆ ಹಿಡಿದಿಡುವ ಪ್ಯಾಕೆಟ್ ಇಟ್ಟಿದ್ದೆ. ಅದನ್ನು ತೆಗೆದು 62%ರದ್ದು ಹಾಕಿದೆ. ಆರು ವಾರ ಮುಟ್ಟಲಿಲ್ಲ.

ಆರು ವಾರದ ಮೇಲೆ ಕೆಲವು ಸಡಿಲವಾದವು. ಉಳಿದವು ಕಲ್ಲು. ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಸುತ್ತುವವರು ಒಳಗಿನ ಎಲೆಗಳನ್ನು ನೆರಿಗೆ ಹಿಡಿದ ಹಾಗೆ ಮಡಚಿ ಜೋಡಿಸಬೇಕು, ಆ ಸಂದಿನಲ್ಲೇ ಗಾಳಿ ಆಡುವುದು. ಇದರಲ್ಲಿ ಒಂದು ಎಲೆ ಹಗ್ಗದ ಹಾಗೆ ತಿರುಚಿ ನಡುವೆ ಗಂಟಾಗಿ ಕೂತಿತ್ತು. ಇದಕ್ಕೆ ಯಾವ ಹದವೂ ಏನೂ ಮಾಡಲಾರದು.

ಗೋಣಿಚೀಲ ಹೊಲಿಯುವ ದಬ್ಬಣ ಗೊತ್ತಲ್ಲ, ಊರಿಂದ ಅದನ್ನೇ ತರಿಸಿಕೊಂಡೆ. ನಗಬೇಡಿ. ತುದಿಯಿಂದ ಮೆಲ್ಲಗೆ ಚುಚ್ಚಿ ತಿರುಗಿಸಿದರೆ ಕೆಲವು ಸಲ ದಾರಿಯಾಗುತ್ತದೆ. ಎರಡು ಬದುಕಿದವು. ಇನ್ನೆರಡರ ಮೇಲೆಲೆ, ಅಂದರೆ ಹೊರಗೆ ಸುತ್ತಿದ ಎಲೆ, ಸೀಳಿ ಹೋಯಿತು. ಅಂಗಡಿಗೆ ಹೋಗಿ ಕೇಳಿದರೆ ‘ಕೈಯಲ್ಲಿ ಸುತ್ತಿದ್ದು, ಹಾಗೇ ಇರುತ್ತೆ’ ಅನ್ನುವ ಉತ್ತರ. ಎರಡು ಚಳಿಗಾಲದಲ್ಲಿ ಆ ಡಬ್ಬಿಯಿಂದ ತೆಗೆದದ್ದು 20. ಕಟ್ಟಿಕೊಂಡವು 9. ಚೆನ್ನಾಗಿದ್ದವಕ್ಕೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಡಬ್ಬಿಗೆ ನಾಲ್ಕೂ ಕೊಡಲ್ಲ.

ನಿಕರಾಗುವಾದ ಪದ್ರೋನ್ 1964 ಬೇರೆಯೇ ಜಾತಿ. 1964 ಅಂದರೆ ಕಂಪನಿ ಶುರುವಾದ ವರ್ಷ. ಸಿಗಾರ್ ಬಂದದ್ದು 1994ರಲ್ಲಿ, ಮೂವತ್ತು ತುಂಬಿದ್ದಕ್ಕೆ. ಒತ್ತಿ ಚೌಕ ಮಾಡಿದ ಆಕಾರ, ಪ್ರತಿಯೊಂದಕ್ಕೂ ಸುತ್ತಿದ ಕಾಗದದ ಪಟ್ಟಿಯ ಮೇಲೆ ನಂಬರ್. ಕೋಕೋ, ಹುರಿದ ಕಾಫಿ ಬೀಜ, ಕೊನೆಗೆ ಕರಿಮೆಣಸು. ನಾನು ಸೇದಿದ ಆರರಲ್ಲಿ ಒಂದೂ ಕಟ್ಟಿಕೊಳ್ಳಲಿಲ್ಲ. ಬೂದಿ ಗಟ್ಟಿ, ಉರಿ ನೇರ. ತಪ್ಪು ಹುಡುಕೋಕೆ ಏನೂ ಇಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಹಚ್ಚಿ ಒಮ್ಮೆ ತಲೆ ಗಿರ್ರೆಂದು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಮಲಗಿದ್ದೆ. ಒಂದಕ್ಕೆ ಕೊಟ್ಟ ದುಡ್ಡಿಗೆ ಎರಡು ಶಾರ್ಟ್ ಸ್ಟೋರಿ ಬರುತ್ತಿತ್ತು. ಗಂಟೆಗೂ ಮೇಲೆ ಕೂರಬೇಕು. ಹತ್ತಕ್ಕೆ ಎಂಟೂವರೆ. ದೀಪಾವಳಿಗೆ ಒಂದು, ಸಾಕು.

ಇನ್ನು ಶಾರ್ಟ್ ಸ್ಟೋರಿ. ಫುಯೆಂಟೆ 1912ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ ಶುರುವಾದದ್ದು, ಈಗ ಸುತ್ತುವುದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ಮೇಲೆಲೆ ಮಾತ್ರ ಆಫ್ರಿಕಾದ ಕ್ಯಾಮರೂನ್‌ದು. ತೆಳು, ಬೆರಳಿಗೆ ಸಣ್ಣ ಸಣ್ಣ ಗುಳ್ಳೆಗಳ ಹಾಗೆ ಸಿಗುತ್ತದೆ. ಎರಡೂ ತುದಿ ಚೂಪು, ಹಾಗಾಗಿ ಬೆಂಕಿ ಬೇಗ ಹಿಡಿಯುತ್ತದೆ. ಮೊದಲ ಎರಡು ದಮ್ಮಿನಲ್ಲೇ ಆ ಎಲೆಯ ರುಚಿ ಬಾಯಿಗೆ ಬರುತ್ತದೆ: ಚಕ್ಕೆ, ಸ್ವಲ್ಪ ಸಿಹಿ. ಆಮೇಲೆ ದಪ್ಪದ ಕಡೆಗೆ ಹೋದಂತೆ ಹೊಗೆ ತಂಪಾಗಿ, ಬಾದಾಮಿಯ ಹಾಗೆ ಮೆತ್ತಗಾಗುತ್ತದೆ. ಕ್ಯೂಬಾದ ಆ ಒಳ್ಳೆಯ ಸಂಜೆಯ ಎತ್ತರಕ್ಕೆ ಇದು ಏರಲ್ಲ, ಒಪ್ಪುತ್ತೇನೆ. ಆದರೆ 30ಕ್ಕೂ ಹೆಚ್ಚು ಸೇದಿದ್ದೇನೆ, ದಬ್ಬಣ ಒಮ್ಮೆಯೂ ಬೇಕಾಗಿಲ್ಲ. 40 ನಿಮಿಷಕ್ಕೆ ಮುಗಿಯುತ್ತದೆ, ಅನ್ನ ಆರುವ ಮುಂಚೆ ಒಳಗೆ ಹೋಗಬಹುದು. ಹತ್ತಕ್ಕೆ ಎಂಟು. ಆದರೂ ನಾನು ಕೊಳ್ಳುವುದು ಇದನ್ನೇ.

ಕ್ಯೂಬಾ ಡಬ್ಬಿಯಲ್ಲಿ ಇನ್ನೂ ಐದು ಉಳಿದಿತ್ತು. ಮೊನ್ನೆ ಒಂದನ್ನು ಕತ್ತರಿಸಿ, ಹಚ್ಚುವ ಮುಂಚೆ ಸುಮ್ನೆ ಎಳೆದು ನೋಡಿದೆ. ಗಾಳಿ ಬರಲಿಲ್ಲ. ವಾಪಸ್ ಇಟ್ಟು ಡಬ್ಬಿ ಮುಚ್ಚಿದೆ.