ದಿಶಾಂಕ್ ಆಪ್: ಹೊಲ ಯಾರದು ಅಂತ ಹೇಳುತ್ತೆ, ಮಾಡೋರು ಯಾರು ಅಂತ ಹೇಳಲ್ಲ

ಹಳ್ಳಿ ಸುತ್ತಿ ಮನೆಮನೆ ಸಮೀಕ್ಷೆ ಮಾಡುವುದು ನನ್ನ ಕೆಲಸ. ಯಾರಿಗೆ ಎಷ್ಟು ಜಮೀನಿದೆ, ಸ್ವಂತಕ್ಕೆ ಮಾಡುತ್ತಾರೋ, ಲಾವಣಿಗೆ (ವರ್ಷಕ್ಕಿಷ್ಟು ರೊಕ್ಕ ಅಂತ ಗೇಣಿಗೆ) ಕೊಟ್ಟಿದ್ದಾರೋ, ಪಾಲಿಗೋ, ಇದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು. ಗದಗ, ಧಾರವಾಡದ ಕಡೆ ಓಡಾಟ ಜಾಸ್ತಿ. ಫೋನಿನಲ್ಲಿ ಜಮೀನಿನ ವಿವರ ತೋರಿಸುವ ಸರ್ಕಾರಿ ಆಪ್ ದಿಶಾಂಕ್ ಇಲ್ಲದೆ ಹೊರಡುವುದೇ ಇಲ್ಲ.

ಹೊಲದಲ್ಲಿ ನಿಂತು ಲೊಕೇಶನ್ ಆನ್ ಮಾಡಿದರೆ ಆ ಜಾಗದ ಸರ್ವೆ ನಂಬರ್ ಬರುತ್ತೆ. ಹಿಸ್ಸಾ (ಆ ಸರ್ವೆ ನಂಬರಿನೊಳಗಿನ ಭಾಗ) ಆರಿಸಿದರೆ ಮಾಲೀಕರ ಹೆಸರು, ಎಕರೆ ಗುಂಟೆ ಎಲ್ಲ ಸರ್ಕಾರದ 'ಭೂಮಿ' ದಾಖಲೆಯಿಂದ ಬರುತ್ತೆ. ದುಡ್ಡು ಕೊಡಬೇಕಿಲ್ಲ. ಕಂಪ್ಯೂಟರ್ ಬರುವ ಮುಂಚೆ ಉತಾರ (ಪಹಣಿ) ಬೇಕಂದರೆ ಗ್ರಾಮ ಲೆಕ್ಕಿಗರು ಎಲ್ಲಿದ್ದಾರೆ ಅಂತ ಹುಡುಕಬೇಕಿತ್ತು. 2000ದ ಆಚೀಚೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ ಬಂದ ಮೇಲೆ ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಸಿಗತೊಡಗಿತು. ಈಗ ಆ ವಿವರ ಹೊಲದ ಬದುವಿನ ಮೇಲೇ ಸಿಗುತ್ತೆ. ಸಣ್ಣ ಮಾತಲ್ಲ.

ಆದರೆ ಬದುವಿನ ಜಗಳಕ್ಕೆ ಇದನ್ನು ನಂಬಿಕೊಂಡು ಹೋಗಬೇಡಿ. ನಕ್ಷೆಯ ಗೆರೆ ಅಷ್ಟಿಷ್ಟು ಸರಿದಿರಬಹುದು. ಅದಕ್ಕೆ ಸರ್ವೆಯವರ ಅಳತೆಯೇ ಬೇಕು.

ನನ್ನ ನಿಜವಾದ ತಕರಾರು ಬೇರೆ. ಒಂದು ಹೆಸರುಕಾಳಿನ ಹೊಲದಲ್ಲಿ ಒಬ್ಬ ಅಜ್ಜಿ ಕಳೆ ತೆಗೀತಿದ್ದರು. ಆಪ್ ತೋರಿಸಿದ್ದು ಹುಬ್ಬಳ್ಳಿಯಲ್ಲಿ ನೆಲೆಸಿದ ಮಾಲೀಕರ ಹೆಸರು. "ಯಾರು ಮಾಡ್ತೀರಬೇ ಇದನ್ನ?" ಅಂದೆ. "ನಾವs ಮಾಡ್ತೀವಪ್ಪಾ. ಯುಗಾದಿಗೆ ರೊಕ್ಕಾ ಕೊಟ್ಟು ಲಾವಣಿ ಹಿಡದೇವಿ" ಅಂದರು. ಕಾಗದ ಪತ್ರ? ಏನೂ ಇಲ್ಲ, ಬಾಯಿಮಾತು. ಉತಾರದ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೆ ಜಾಗ ಇದೆ. ಅಲ್ಲೂ ಮಾಲೀಕರೇ!

ಇದು ಆಪ್ ತಪ್ಪಲ್ಲ ಬಿಡಿ. 1974ರಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಉಳುವವರಿಗೆ ಭೂಮಿ ಕೊಟ್ಟಿತು, ಜೊತೆಗೆ ಹೊಸದಾಗಿ ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆಗ ಅದು ಬೇಕಿತ್ತು. ಈಗ ಲಾವಣಿ ಊರೂರಲ್ಲಿ ನಡೆಯುತ್ತೆ, ಕಾಗದದಲ್ಲಿ ಮಾತ್ರ ಇಲ್ಲ. ಬರೆದುಕೊಟ್ಟರೆ ಹೊಲ ಹೋದೀತು ಅಂತ ಮಾಲೀಕರಿಗೆ ಭಯ. ಕೇಳಿದರೆ ಮುಂದಿನ ವರ್ಷ ಹೊಲ ಸಿಗಲ್ಲ ಅಂತ ಮಾಡುವವರಿಗೆ ಭಯ.

ಇದರ ಪೆಟ್ಟು ಎಲ್ಲಿ ಬೀಳುತ್ತೆ ನೋಡಿ. 2019ರಲ್ಲಿ ಶುರುವಾದ ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ದಾಖಲೆಯಲ್ಲಿ ಹೆಸರಿದ್ದವರಿಗೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿದ ಆ ಅಜ್ಜಿಗೆ ಅದು ಬರಲ್ಲ. ಹೆಸರುಕಾಳಿನ ಬೆಳೆ ಕೊಳೆತು ಹೋದರೆ ಪರಿಹಾರವೂ ಹುಬ್ಬಳ್ಳಿಗೇ. 2016ರಲ್ಲಿ ನೀತಿ ಆಯೋಗ ಒಂದು ಮಾದರಿ ಕಾಯ್ದೆ ತಯಾರಿಸಿತ್ತು: ಮಾಲೀಕತ್ವಕ್ಕೆ ಧಕ್ಕೆ ಇಲ್ಲದೆ ಲಾವಣಿಯನ್ನು ಕಾನೂನಿನೊಳಗೆ ತರೋದು, ಹಾಗೆ ಮಾಡುವವರಿಗೆ ಸಾಲ, ವಿಮೆ, ಪರಿಹಾರ ಸಿಗೋ ಹಾಗೆ ಮಾಡೋದು. ನನಗೆ ಸರಿ ಅನ್ನಿಸುತ್ತೆ. ಆದರೆ ದೊಡ್ಡ ಕಂಪನಿಗಳು ಎಕರೆಗಟ್ಟಲೆ ಹಿಡಿದುಕೊಳ್ಳದಂತೆ ಒಂದು ಮಿತಿ ಇರಲೇಬೇಕು.

ಸರ್ವೆ ನಂಬರ್ ಹುಡುಕಲು 5ಕ್ಕೆ ಕಣ್ಣು ಮುಚ್ಚಿ 4 ಕೊಡ್ತೀನಿ. ಆಫೀಸಲ್ಲಿ ಕೂತು ಇದನ್ನೇ ನೋಡಿ ರೈತರ ಪಟ್ಟಿ ಮಾಡೋರಿದ್ದರೆ, ಕೊಡೋದು 1 ಅಷ್ಟೇ. ಹೊಲದಲ್ಲಿ ಇರೋರನ್ನ ಮಾತಾಡಿಸಿ, ಅದೂ ಮಾಲೀಕರು ಜೊತೆಗಿಲ್ಲದಾಗ.