ಚೆಲ್ಲೋ ಅಕ್ಕ, ಪಿಯಾನೋ ತಮ್ಮ: ಮ್ಯೂಸ್‌ಸ್ಕೋರ್ ಜೊತೆ ಮೂರು ವರ್ಷ

ಮಗಳದು ಚೆಲ್ಲೋ, ಮಗನದು ಪಿಯಾನೋ. ಶುರು ಮಾಡಿದಾಗ ಅವಳಿಗೆ ಒಂಬತ್ತು, ಅವನಿಗೆ ಏಳು. ಇಬ್ಬರೂ ಒಟ್ಟಿಗೆ ನುಡಿಸಬೇಕು ಅನ್ನೋ ಆಸೆ ನನಗಿಂತ ಅವರಿಗೇ ಜಾಸ್ತಿ ಇತ್ತು. ಅವರಿಗೆ ತಕ್ಕ ಸುಲಭದ ಡ್ಯುಯೆಟ್ ಹುಡುಕಲು ಹೊರಟ ನಾನು ಕೊನೆಗೆ ಮ್ಯೂಸ್‌ಸ್ಕೋರ್ ಅನ್ನೋ ಸ್ವರಲಿಪಿ ತಂತ್ರಾಂಶದ ಮುಂದೆ ಬಂದು ಕೂತೆ. ಮೂರು ವರ್ಷದಿಂದ ವಾರಕ್ಕೆ ಒಂದೆರಡು ಸಲವಾದರೂ ಅದನ್ನು ತೆರೆಯುತ್ತೇನೆ. ಇದು ಆ ಮೂರು ವರ್ಷದ ಅನುಭವ.

ಮೊದಲು ಪುಸ್ತಕಗಳನ್ನೇ ಕೊಂಡೆ. ಹೊದಿಕೆಯ ಮೇಲೆ ದೊಡ್ಡದಾಗಿ 'ಸುಲಭ' ಅಂತ ಇತ್ತು. ಚೆಲ್ಲೋ ಪುಟ ನೋಡಿದರೆ ನಿಜಕ್ಕೂ ಸುಲಭವೇ: ಬಿಟ್ಟ ತಂತಿಗಳು (ಬೆರಳು ಒತ್ತದೆ ನುಡಿಸುವವು), ಮೂರು ಬೆರಳು, ಅಷ್ಟೆ. ಪಿಯಾನೋ ಪುಟ ತಿರುಗಿಸಿದರೆ ಬಲಗೈಗೆ ಮೂರು ಮೂರು ಸ್ವರ ಒಟ್ಟಿಗೆ ಒತ್ತುವ ಕಾರ್ಡ್, ಎಡಗೈಗೆ ಆಕ್ಟೇವ್ ನೆಗೆತ, ಅಂದರೆ ಒಂದು ಸಿಯಿಂದ ಮುಂದಿನ ಸಿವರೆಗಿನಷ್ಟು ದೂರ. ಮಗನ ಕೈಗೆ ಆಕ್ಟೇವ್ ಎಟುಕುವುದೇ ಇಲ್ಲ. ಹತ್ತು ನಿಮಿಷ ತಡಕಾಡಿ "ಅಮ್ಮಾ, ಇದು ನನಗಲ್ಲ" ಅಂದು ಎದ್ದುಹೋದ. ಅವನು ಹೇಳಿದ್ದು ಸರಿ. ಇಂಥ ಪುಸ್ತಕಗಳಲ್ಲಿ ಪಿಯಾನೋ ಭಾಗ ಬರೆದಿರುವುದು ಟೀಚರ್‌ಗೆ. 'ಸುಲಭ' ಅನ್ನೋ ಮಾತು ಚೆಲ್ಲೋಗೆ ಮಾತ್ರ. ಎರಡೂ ಕಡೆ ಮಕ್ಕಳೇ ಕೂರುವುದಾದರೆ ಎರಡೂ ಪುಟ ತೆರೆದು ನೋಡದೆ ಏನನ್ನೂ ಕೊಳ್ಳಬೇಡಿ.

ಮ್ಯೂಸ್‌ಸ್ಕೋರ್ ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದೇ ಹೆಸರಿನ ಜಾಲತಾಣವೂ ಇದೆ, ಅಲ್ಲಿ ಕೆಲವಕ್ಕೆ ಚಂದಾ ಕೊಡಬೇಕು. ನಾನು ಹೇಳುತ್ತಿರುವುದು ಕಂಪ್ಯೂಟರಿಗೆ ಹಾಕಿಕೊಳ್ಳುವ ತಂತ್ರಾಂಶದ ಬಗ್ಗೆ. ಇದರಲ್ಲಿ ಸ್ವರ ಬರೆಯಬಹುದು, ಬರೆದದ್ದನ್ನು ಕೇಳಬಹುದು, ಇಡೀ ತುಣುಕನ್ನು ಬೇರೆ ಕೀಗೆ (ಬೇರೆ ಆಧಾರ ಶ್ರುತಿಗೆ) ಎತ್ತಿಡಬಹುದು, ಪ್ರತಿ ವಾದ್ಯದ ಪುಟ ಬೇರೆಯಾಗಿ ತೆಗೆಯಬಹುದು. ನನ್ನ ಕೆಲಸಕ್ಕೆ ಈ ನಾಲ್ಕೇ ಸಾಕಾಗಿವೆ.

ಕೀ ಬದಲಿಸೋದು ಯಾಕೆ ಇಷ್ಟು ಮುಖ್ಯ ಅಂತ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಪಿಯಾನೋ ಮಕ್ಕಳು ಸಾಮಾನ್ಯವಾಗಿ ಸಿ ಮೇಜರ್ ಅನ್ನೋ ಕೀನಲ್ಲಿ ಶುರು ಮಾಡುತ್ತಾರೆ, ಬರೀ ಬಿಳಿ ಮನೆಗಳು. ಚೆಲ್ಲೋ ಮಕ್ಕಳು ಹೆಚ್ಚಾಗಿ ಡಿ ಮೇಜರ್‌ನಲ್ಲಿ. ಚೆಲ್ಲೋ ತಂತಿಗಳು ಕೆಳಗಿನಿಂದ ಸಿ, ಜಿ, ಡಿ, ಎ. ಸಿ ಮೇಜರ್‌ನ ಮೊದಲ ಐದು ಸ್ವರಕ್ಕೆ ಆ ದಪ್ಪ ಸಿ ತಂತಿಗೆ ಇಳಿಯಬೇಕು. ಮಕ್ಕಳ ಅಳತೆಯ ಸಣ್ಣ ಚೆಲ್ಲೋದಲ್ಲಿ ಆ ತಂತಿ ಬಾಯಿ ಬಿಟ್ಟು ಮಾತಾಡುವುದೇ ಕಷ್ಟ. ಮಗಳು ಕಮಾನು ಒತ್ತಿದಷ್ಟೂ ಗೊರಗೊರ ಅನ್ನುತ್ತಿತ್ತು.

ಒಂದು ಸಂಜೆ ಸುಮ್ನೆ ಸಿ ಮೇಜರ್‌ನಲ್ಲಿದ್ದ ಒಂದು ತುಣುಕನ್ನು ಜಿ ಮೇಜರ್‌ಗೆ ಎತ್ತಿಟ್ಟೆ. ಜಿ, ಎ, ಬಿ, ಸಿ, ಡಿ. ಪಿಯಾನೋದಲ್ಲಿ ಐದೂ ಬಿಳಿ ಮನೆಗಳೇ! ಎಫ್ ಶಾರ್ಪ್ ಬರುವುದು ಈ ಐದರ ಆಚೆಗೆ, ಹಾಗಾಗಿ ಮಗನಿಗೆ ಕಪ್ಪು ಮನೆ ಮುಟ್ಟುವ ಕೆಲಸವೇ ಇಲ್ಲ. ಚೆಲ್ಲೋದಲ್ಲಿ ಬಿಟ್ಟ ಜಿ ತಂತಿ, ಆಮೇಲೆ ಒಂದನೇ, ಮೂರನೇ, ನಾಲ್ಕನೇ ಬೆರಳು, ಕೊನೆಗೆ ಬಿಟ್ಟ ಡಿ ತಂತಿ. ಮಗಳಿಗೆ ಆಗಲೇ ರೂಢಿಯಾಗಿದ್ದ ಬೆರಳುಗಳೇ. ಇಬ್ಬರಿಗೂ ಸುಲಭವಾದ ಜಾಗ ಅಲ್ಲಿ ಸಿಕ್ಕಿತು. ಡಿ ಮೇಜರ್ ಕೂಡ ಪರವಾಗಿಲ್ಲ. ಮಗನ ಮೂರನೇ ಬೆರಳಿನ ಕೆಳಗೆ ಒಂದು ಕಪ್ಪು ಮನೆ ಬರುತ್ತದೆ ಅಷ್ಟೆ. ಹೊಸಬರು ಏನೇ ಸಿಕ್ಕಲಿ, ಮೊದಲು ಜಿಗೆ ಎತ್ತಿಟ್ಟು ನೋಡಿ.

ಇನ್ನೊಂದು ವಿಷಯ ಕಿವಿಗೆ ಬಿದ್ದ ಮೇಲೇ ಗೊತ್ತಾಗಿದ್ದು. ಚೆಲ್ಲೋದ ಬಿಟ್ಟ ಜಿ ತಂತಿ, ಬೇಸ್ ಕ್ಲೆಫ್‌ನ (ತಗ್ಗು ಸ್ವರ ಬರೆಯುವ ಐದು ಗೆರೆಯ ಸಾಲಿನ) ಅತಿ ಕೆಳಗಿನ ಗೆರೆಯ ಸ್ವರ. ಪಿಯಾನೋ ಎಡಗೈಯೂ ಅಲ್ಲೇ ಓಡಾಡಿದರೆ ಎರಡೂ ಕಲಸಿಹೋಗುತ್ತವೆ, ಮಗಳ ರಾಗ ಕೇಳಿಸುವುದೇ ಇಲ್ಲ. ಈಗ ನಾನು ಮಗನ ಎಡಗೈಯನ್ನು ಒಂದು ಆಕ್ಟೇವ್ ಮೇಲಕ್ಕೆ ಸರಿಸುತ್ತೇನೆ, ಜಿ ಮತ್ತು ಡಿ ಎರಡೇ ಸ್ವರ, ಎರಡೆರಡು ಬೀಟ್. ಪೆಡಲ್ ಮುಟ್ಟಬೇಡ ಅಂತ ಹೇಳಿದ್ದೇನೆ. ರಾಗ ತಟ್ಟನೆ ಮುಂದೆ ಬರುತ್ತದೆ.

ಉದ್ದ ಸ್ವರಗಳ ಮೇಲೂ ಕಣ್ಣಿಡಬೇಕು. ನಿಮಿಷಕ್ಕೆ 60 ಬೀಟ್ ಇಟ್ಟರೆ ನಾಲ್ಕು ಬೀಟಿನ ಸ್ವರಕ್ಕೆ 4 ಸೆಕೆಂಡ್. ಪಿಯಾನೋಗೆ ಒಮ್ಮೆ ಒತ್ತಿ ಕೈ ಇಟ್ಟುಕೊಂಡರೆ ಆಯಿತು. ಮಗಳ ಪುಟ್ಟ ಕಮಾನು ಮೂರನೇ ಬೀಟಿಗೇ ತುದಿ ಮುಟ್ಟುತ್ತಿತ್ತು. ಅಂಥ ಸ್ವರಗಳನ್ನು ಎರಡಾಗಿ ಒಡೆದು ಬರೆದೆ, ಒಂದು ಹೋಗುವ ಕಮಾನು, ಒಂದು ಬರುವ ಕಮಾನು. ಅಚ್ಚಾದ ಪುಸ್ತಕದಲ್ಲಿ ಇದನ್ನೆಲ್ಲ ಪೆನ್ಸಿಲಿನಲ್ಲಿ ತಿದ್ದಬೇಕು, ಇಲ್ಲಿ ಒಂದು ನಿಮಿಷದ ಕೆಲಸ.

ಈ ತಂತ್ರಾಂಶ ನಮಗೆ ಅತಿ ಹೆಚ್ಚು ಕೈಹಿಡಿದದ್ದು ಮಾತ್ರ ನಾನು ಎಣಿಸದೇ ಇದ್ದ ಜಾಗದಲ್ಲಿ. ಡ್ಯುಯೆಟ್‌ನಲ್ಲಿ ಪಿಯಾನೋ ನುಡಿಸುವವರ ಪುಟದಲ್ಲಿ ಚೆಲ್ಲೋ ಸಾಲೂ ಇರುತ್ತದೆ, ಒಟ್ಟು ಮೂರು ಸಾಲು. ಮಗ ಎರಡನೇ ಬಾರ್‌ನಲ್ಲಿ, ಅಂದರೆ ತಾಳದ ಎರಡನೇ ಸುತ್ತಿನಲ್ಲಿ, ಪ್ರತಿ ಸಲ ತಪ್ಪುತ್ತಿದ್ದ. ಗದರುವುದು ಬಿಟ್ಟು ಪಕ್ಕದಲ್ಲಿ ಕೂತು ಅವನ ಕಣ್ಣನ್ನೇ ನೋಡಿದೆ. ಅವನು ಎಡಗೈಯಲ್ಲಿ ಅಕ್ಕನ ಸಾಲನ್ನು ನುಡಿಸುತ್ತಿದ್ದ! ಎರಡೂ ಬೇಸ್ ಕ್ಲೆಫ್ ತಾನೆ, ಪುಟ್ಟ ಕಣ್ಣು ಮೇಲಿನ ಸಾಲಿಗೆ ಜಾರುತ್ತಿತ್ತು. ಆ ರಾತ್ರಿಯೇ ಅವನ ಎರಡು ಸಾಲು ಮಾತ್ರ ಇರುವ ಪುಟ ಬೇರೆ ತೆಗೆದೆ, ಸ್ವರದ ಗಾತ್ರ ದೊಡ್ಡದು ಮಾಡಿದೆ, ಒಂದು ಸಾಲಿಗೆ ನಾಲ್ಕೇ ಬಾರ್ ಇಟ್ಟೆ. ಮರುದಿನ ಕೊನೆಯವರೆಗೂ ನಿಲ್ಲದೆ ನುಡಿಸಿದ.

ತುಣುಕುಗಳು ಎಲ್ಲಿಂದ ಅಂತ ಕೇಳಬಹುದು. ಹೆಚ್ಚಿನವು ಐಎಂಎಸ್‌ಎಲ್‌ಪಿಯಿಂದ. 2006ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯದಲ್ಲಿ ಹಕ್ಕುಸ್ವಾಮ್ಯ ಮುಗಿದ ಸ್ವರಲಿಪಿಗಳು ರಾಶಿ ರಾಶಿ ಇವೆ. ಹಕ್ಕುಸ್ವಾಮ್ಯದ ಕಾಲ ದೇಶದಿಂದ ದೇಶಕ್ಕೆ ಬೇರೆ, ಅದನ್ನು ನೋಡಿಕೊಂಡೇ ಇಳಿಸಿಕೊಳ್ಳಿ. ಚೆಲ್ಲೋ-ಪಿಯಾನೋ ಅಂತ ಹುಡುಕಿದರೆ ದೊಡ್ಡವರ ಸೊನಾಟಾಗಳೇ ಜಾಸ್ತಿ ಎದುರಾಗುತ್ತವೆ. ಅದಕ್ಕೆ ನಾನು ಆ ದಾರಿ ಬಿಟ್ಟು, ಮಕ್ಕಳಿಗಾಗಿ ಬರೆದ ಪಿಯಾನೋ ಸಂಗೀತದಲ್ಲಿ ಹುಡುಕಿದೆ. ಡಯಾಬೆಲ್ಲಿ ಅನ್ನೋ ಸಂಗೀತ ರಚನೆಕಾರರ ಓಪಸ್ (ಕೃತಿ ಸಂಖ್ಯೆ) 149 ನಾಲ್ಕು ಕೈಗಳಿಗೆ ಬರೆದ ತುಣುಕುಗಳು. ವಿದ್ಯಾರ್ಥಿಯ ಭಾಗ ಐದು ಸ್ವರಗಳೊಳಗೇ ಇರುತ್ತದೆ. ಆ ರಾಗವನ್ನು ಚೆಲ್ಲೋಗೆ ಕೊಟ್ಟು, ಟೀಚರ್ ಭಾಗವನ್ನು ತೆಳು ಮಾಡಿ ಮಗನಿಗೆ ಕೊಟ್ಟೆ. ಶೂಮನ್ 1848ರಲ್ಲಿ ಮಕ್ಕಳಿಗಾಗಿ ಬರೆದ ಓಪಸ್ 68ರಲ್ಲಿ, ಕೆಲಸ ಮುಗಿಸಿ ಮನೆಗೆ ಮರಳುವ ರೈತನ ತುಣುಕು ಒಂದಿದೆ. ಅದರಲ್ಲಿ ರಾಗ ಎಡಗೈಯಲ್ಲಿ, ಬಲಗೈ ಬಹುಪಾಲು ಜೊತೆ ಕೊಡುತ್ತದೆ. ಎಡಗೈ ಅಕ್ಕನಿಗೆ, ಬಲಗೈ ತಮ್ಮನಿಗೆ! ಮೂಲ ಎಫ್ ಮೇಜರ್, ನಾನು ಸಿಗೆ ಇಳಿಸಿದೆ. ಇದು ಎರಡನೇ ವರ್ಷದ ಮಾತು, ಆಗ ಅವಳಿಗೆ ಎರಡನೇ ಬೆರಳೂ ಬರುತ್ತಿತ್ತು.

ನಿಧಾನದ ತುಣುಕೆಲ್ಲ ಸುಲಭ ಅಂದುಕೊಳ್ಳಬೇಡಿ. ಸಾಂ-ಸಾನ್ಸ್ 1886ರಲ್ಲಿ ಬರೆದ ಹಂಸದ ತುಣುಕನ್ನು ಕೇಳಿದ ಮಕ್ಕಳೆಲ್ಲ ಬೇಕು ಅನ್ನುತ್ತಾರೆ. ಅದಕ್ಕೆ ಇನ್ನೂ ಕೆಲವು ವರ್ಷ ಬೇಕು.

ಎಚ್ಚರಿಕೆ ಅಂತ ಹೇಳಬೇಕಾದದ್ದೂ ಇದೆ. ಐಎಂಎಸ್‌ಎಲ್‌ಪಿಯಲ್ಲಿ ನಾನು ಇಳಿಸಿಕೊಂಡದ್ದೆಲ್ಲ ಸ್ಕ್ಯಾನ್ ಪುಟಗಳು, ಕೂತು ಕೈಯಾರೆ ಸ್ವರ ತುಂಬಬೇಕು. ಹದಿನಾರು ಬಾರ್‌ಗೆ ಮೊದಲು ನನಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು, ಈಗ ಅರ್ಧ ಗಂಟೆ ಸಾಕು. ಚೆಲ್ಲೋ ಮುಟ್ಟಲಾಗದಷ್ಟು ಕೆಳಗೆ ಸ್ವರ ಬರೆದರೆ ಮ್ಯೂಸ್‌ಸ್ಕೋರ್ ಅದನ್ನು ಕೆಂಪು ಮಾಡಿ ತೋರಿಸುತ್ತದೆ. ಆದರೆ ಒಂಬತ್ತು ವರ್ಷದ ಬೆರಳಿಗೆ ಯಾವುದು ಕಷ್ಟ ಅಂತ ಅದಕ್ಕೆ ಗೊತ್ತಾಗದು. ಬೆರಳ ಸಂಖ್ಯೆ ಬರೆದ ಮೇಲೆ ನಾನು ತಪ್ಪದೆ ಚೆಲ್ಲೋ ಟೀಚರ್‌ಗೆ ತೋರಿಸುತ್ತೇನೆ.

ಕಂಪ್ಯೂಟರ್ ನುಡಿಸಿದ್ದನ್ನು ಹಾಕಿಕೊಂಡು ಅಭ್ಯಾಸ ಮಾಡುವುದನ್ನು ಮೊದಲ ವರ್ಷ ಅತಿ ಮಾಡಿದೆವು. ಮಿಕ್ಸರ್‌ನಲ್ಲಿ ಒಂದು ವಾದ್ಯ ಮುಚ್ಚಿ, ವೇಗ ತಗ್ಗಿಸಿ ನುಡಿಸಲು ತುಂಬ ಅನುಕೂಲ, ಅಲ್ವಾ? ಆದರೆ ಕಂಪ್ಯೂಟರ್ ಯಾರಿಗೂ ಕಾಯುವುದಿಲ್ಲ. ಇಬ್ಬರೂ ಅದರ ತಾಳಕ್ಕೆ ಕಿವಿ ಕೊಟ್ಟು ಒಬ್ಬರನ್ನೊಬ್ಬರು ಕೇಳುವುದನ್ನೇ ಬಿಟ್ಟರು. ಈಗ ಬೇರೆ ಬೇರೆ ಕಲಿಯುವಾಗ ಮೊದಲ ಮೂರು ದಿನ ಮಾತ್ರ ಅದು, ಆಮೇಲೆ ಬಂದ್.

ಶ್ರುತಿ ಮಾಡುವಾಗಲೂ ಅಷ್ಟೆ, ಟ್ಯೂನರ್ ಬದಲು ಪಿಯಾನೋವನ್ನೇ ಕೇಳುತ್ತೇವೆ. ನಮ್ಮ ಪಿಯಾನೋ ಒಂದು ಕೂದಲೆಳೆ ಇಳಿದಿದೆ. ಮಗ ಮಧ್ಯದ ಸಿಗಿಂತ ಕೆಳಗಿನ ಎ ಒತ್ತಿ ಹಿಡಿಯುತ್ತಾನೆ, ಮಗಳು ಎ ತಂತಿಯನ್ನು ಅದಕ್ಕೆ ಕೂಡಿಸಿ, ಉಳಿದವನ್ನು ಅಲ್ಲಿಂದ ಇಳಿಸುತ್ತಾಳೆ. ಆಮೇಲೆ ಅವಳು ಕುರ್ಚಿಯನ್ನು ತಮ್ಮನ ಮುಖ ಕಾಣುವ ಹಾಗೆ ತಿರುಗಿಸಿಕೊಂಡು, ಕಮಾನು ತಂತಿಯ ಮೇಲಿಟ್ಟು, ಮೂಗಿನಲ್ಲಿ ಜೋರಾಗಿ ಉಸಿರೆಳೆಯುತ್ತಾಳೆ. ಆ ಉಸಿರು ಕೇಳಿದ ಕೂಡಲೇ ಅವನ ಕೈ ಕೆಳಗಿಳಿಯುತ್ತದೆ.